ಸೀಟು ಬಂದ ಮೇಲೆ ತಿದ್ದುವವರು ಯಾರು? ತಜ್ಞ ವೈದ್ಯರ ತರಬೇತಿಯಲ್ಲಿ ಹಿಮ್ಮಾಹಿತಿಯ (ಫೀಡ್‌ಬ್ಯಾಕ್) ಪ್ರಶ್ನೆ

ವೈದ್ಯಶಿಕ್ಷಣವನ್ನು ನಿಯಂತ್ರಿಸುವ ರಾಷ್ಟ್ರೀಯ ವೈದ್ಯಕೀಯ ಆಯೋಗವು 2025ರ ಜುಲೈ ತಿಂಗಳ ಆರಂಭದಲ್ಲಿ ವೈದ್ಯಕೀಯ ಅಧ್ಯಾಪಕರ ಅರ್ಹತೆಗೆ ಸಂಬಂಧಿಸಿದ ಹೊಸ ನಿಯಮಾವಳಿಯನ್ನು ಹೊರಡಿಸಿತು. ಅದೇ ವರ್ಷ ಸೆಪ್ಟೆಂಬರ್ 24ರಂದು ಕೇಂದ್ರ ಸಚಿವ ಸಂಪುಟವು ಸರ್ಕಾರಿ ಸಂಸ್ಥೆಗಳಲ್ಲಿ 5,000 ಸ್ನಾತಕೋತ್ತರ ಸೀಟುಗಳನ್ನೂ 5,023 ಎಂಬಿಬಿಎಸ್ ಸೀಟುಗಳನ್ನೂ ಹೆಚ್ಚಿಸುವ ಯೋಜನೆಗೆ ಒಪ್ಪಿಗೆ ನೀಡಿತು. ಈ ಎರಡು ಸುದ್ದಿಗಳನ್ನು ಒಟ್ಟಿಗೆ ಓದಿದ ಉತ್ತರ ಕನ್ನಡದ ಓದುಗರಲ್ಲಿ ಆಸೆಯೂ ಗೊಂದಲವೂ ಒಟ್ಟೊಟ್ಟಿಗೇ ಹುಟ್ಟಿದ್ದರೆ ಅದು ಸಹಜ. ಹೃದಯಾಘಾತವಾದರೆ ಮಣಿಪಾಲಕ್ಕೋ ಮಂಗಳೂರಿಗೋ, ತಲೆಗೆ ಪೆಟ್ಟಾದರೆ ಹುಬ್ಬಳ್ಳಿಗೋ ಗೋವಾದ ಬಾಂಬೋಳಿಗೋ ಓಡಬೇಕಾದ ಜಿಲ್ಲೆ ಇದು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರಿನ ಟೋಲ್ ಬಳಿ ಪಲ್ಟಿಯಾಗಿ ನಾಲ್ವರು ಮೃತಪಟ್ಟ ಮೇಲೆ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಬೇಡಿಕೆ ಜಿಲ್ಲೆಯ ರಾಜಕಾರಣದ ಕೇಂದ್ರಕ್ಕೇ ಬಂದಿತ್ತು.

ಆಸ್ಪತ್ರೆಯ ಕಟ್ಟಡ, ಹಾಸಿಗೆ, ಯಂತ್ರ, ಹುದ್ದೆ ಇವೆಲ್ಲ ಚರ್ಚೆಗೆ ಬಂದಿವೆ. ಆದರೆ ತಜ್ಞ ವೈದ್ಯರು ತಯಾರಾಗುವ ಬಗೆಯ ಕುರಿತು ಹೆಚ್ಚು ಮಾತು ನಡೆದಿಲ್ಲ. ಸೀಟುಗಳ ಸಂಖ್ಯೆ ಏರುತ್ತಿರುವ, ಕಲಿಸುವವರ ಅರ್ಹತೆಯ ಷರತ್ತುಗಳು ಸಡಿಲವಾಗುತ್ತಿರುವ ಈ ಹೊತ್ತಿನಲ್ಲಿ, ಕಲಿಯುತ್ತಿರುವ ವೈದ್ಯರು ಮಾಡುವ ಕೆಲಸವನ್ನು ಪಕ್ಕದಲ್ಲಿ ನಿಂತು ನೋಡಿ, ಸರಿ ಯಾವುದು ತಪ್ಪು ಯಾವುದು ಎಂದು ಹೇಳುವವರು ಯಾರು ಎಂಬುದು ಈ ಇಡೀ ವಿಸ್ತರಣೆಯ ಗುಣಮಟ್ಟವನ್ನು ನಿರ್ಧರಿಸುವ ಪ್ರಶ್ನೆಯಾಗಿದೆ.

ಸುದ್ದಿಯಲ್ಲಿ ಗೊಂದಲ ಹುಟ್ಟಿಸಿದ್ದು

ಹೊಸ ನಿಯಮದ ಮೂರು ಅಂಶಗಳು ಇಲ್ಲಿ ಮುಖ್ಯ. ಬೋಧನಾ ಆಸ್ಪತ್ರೆಯಲ್ಲದ, 220ಕ್ಕಿಂತ ಹೆಚ್ಚು ಹಾಸಿಗೆಗಳ ಸರ್ಕಾರಿ ಆಸ್ಪತ್ರೆಯನ್ನು ಬೋಧನಾ ಸಂಸ್ಥೆಯೆಂದು ಗುರುತಿಸಲು ಈಗ ಅವಕಾಶವಿದೆ. ಅಂಥ ಆಸ್ಪತ್ರೆಯಲ್ಲಿ ಸ್ನಾತಕೋತ್ತರ ಪದವಿಯೊಂದಿಗೆ ಹತ್ತು ವರ್ಷ ಕೆಲಸ ಮಾಡಿದ ತಜ್ಞರು ಸಹಪ್ರಾಧ್ಯಾಪಕರಾಗಬಹುದು (ಅಸೋಸಿಯೇಟ್ ಪ್ರೊಫೆಸರ್). ಎರಡು ವರ್ಷ ಕೆಲಸ ಮಾಡಿದವರು ಸೀನಿಯರ್ ರೆಸಿಡೆನ್ಸಿ (ಸ್ನಾತಕೋತ್ತರ ಪದವಿಯ ನಂತರ ಬೋಧನಾ ಆಸ್ಪತ್ರೆಯಲ್ಲಿ ಮಾಡುವ ಸೇವೆ) ಇಲ್ಲದೆಯೇ ಸಹಾಯಕ ಪ್ರಾಧ್ಯಾಪಕರಾಗಬಹುದು, ಆದರೆ ಎರಡು ವರ್ಷದೊಳಗೆ ಜೈವಿಕ ವೈದ್ಯಕೀಯ ಸಂಶೋಧನೆಯ ಮೂಲ ಕೋರ್ಸನ್ನು ಮುಗಿಸಬೇಕು. ಸ್ನಾತಕೋತ್ತರ ಕೋರ್ಸನ್ನು ಇಬ್ಬರು ಅಧ್ಯಾಪಕರು ಮತ್ತು ಎರಡು ಸೀಟುಗಳಿಂದ ಆರಂಭಿಸಬಹುದು. ಹಿಂದೆ ಮೂವರು ಅಧ್ಯಾಪಕರೂ ಒಬ್ಬ ಸೀನಿಯರ್ ರೆಸಿಡೆಂಟ್ ಕೂಡ ಇರಬೇಕಾಗಿತ್ತು.

ಇದನ್ನು ಕೇಳಿದವರು ಎರಡು ತದ್ವಿರುದ್ಧ ತೀರ್ಮಾನಗಳಿಗೆ ಬಂದರು. ಹತ್ತು ವರ್ಷ ಜಿಲ್ಲಾಸ್ಪತ್ರೆಯಲ್ಲಿ ಸಾವಿರಾರು ಶಸ್ತ್ರಚಿಕಿತ್ಸೆ ಮಾಡಿದವರಿಗಿಂತ ಒಳ್ಳೆಯ ಗುರು ಯಾರಿದ್ದಾರೆ ಎಂದು ಕೆಲವರು ಕೇಳಿದರೆ, ಪಾಠ ಮಾಡಿ ಗೊತ್ತಿಲ್ಲದವರನ್ನು ಪ್ರಾಧ್ಯಾಪಕರೆಂದು ಕರೆದರೆ ಪದವಿಯ ಬೆಲೆ ಉಳಿಯುವುದೇ ಎಂದು ಇನ್ನು ಕೆಲವರು ಕೇಳಿದರು. ಎರಡೂ ಮಾತಿನಲ್ಲಿ ಹುರುಳಿದೆ, ಆದರೆ ಎರಡೂ ಒಂದೇ ಕಡೆ ಎಡವುತ್ತವೆ. ರೋಗಿಯನ್ನು ನೋಡುವ ಕೌಶಲ ಬೇರೆ, ರೋಗಿಯನ್ನು ನೋಡುತ್ತಿರುವವರನ್ನು ನೋಡುವ ಕೌಶಲ ಬೇರೆ. ಮೊದಲನೆಯದು ಹತ್ತು ವರ್ಷದ ಸೇವೆಯಿಂದ ಬರುತ್ತದೆ. ಎರಡನೆಯದು ಹತ್ತು ವರ್ಷದ ಬೋಧನೆಯಿಂದಲೂ ತಾನಾಗಿಯೇ ಬರುವುದಿಲ್ಲ. ಹೊಸ ಸಹಾಯಕ ಪ್ರಾಧ್ಯಾಪಕರು ಸಂಶೋಧನೆಯ ಕೋರ್ಸ್ ಮುಗಿಸಬೇಕೆಂದು ಷರತ್ತು ಹಾಕಿದ ನಿಯಮಕಾರರಿಗೆ ಯಾವ ಕೌಶಲ ಮೊದಲು ನೆನಪಿಗೆ ಬಂತು ಎಂಬುದೂ ಇಲ್ಲಿ ಗಮನಾರ್ಹ.

ಹಿಮ್ಮಾಹಿತಿ ಎಂದರೆ ಏನು

ಶಿಕ್ಷಕ ತರಬೇತಿಯ ಪಠ್ಯಗಳಲ್ಲಿ ಬಳಕೆಯಲ್ಲಿರುವ ‘ಹಿಮ್ಮಾಹಿತಿ’ ಎಂಬ ಪದಕ್ಕೆ ವಾರ್ಡಿನಲ್ಲಿ ಎಲ್ಲರೂ ಹೇಳುವುದು ‘ಫೀಡ್‌ಬ್ಯಾಕ್’ ಎಂದೇ. ಅಮೆರಿಕದ ವೈದ್ಯ ಜ್ಯಾಕ್ ಎಂಡೆ 1983ರಲ್ಲಿ ವೈದ್ಯಶಿಕ್ಷಣದಲ್ಲಿ ಇದರ ಕೊರತೆಯನ್ನು ವಿವರವಾಗಿ ಚರ್ಚಿಸಿದಾಗ, ಈ ಕಲ್ಪನೆ ರಾಕೆಟ್ ಎಂಜಿನಿಯರುಗಳಿಂದ ಬಂದದ್ದೆಂದು ನೆನಪಿಸಿದ್ದರು. ಹಾರುತ್ತಿರುವ ರಾಕೆಟ್ಟು ತಾನು ಎಲ್ಲಿದ್ದೇನೆಂಬ ಮಾಹಿತಿಯನ್ನು ಮರಳಿ ಪಡೆದು ದಿಕ್ಕು ತಿದ್ದಿಕೊಳ್ಳುತ್ತದೆ. ಆ ಮಾಹಿತಿಯಲ್ಲಿ ಹೊಗಳಿಕೆಯೂ ಇರುವುದಿಲ್ಲ, ಬೈಗುಳವೂ ಇರುವುದಿಲ್ಲ. ಎಂಡೆ ಎಳೆದ ಗೆರೆ ಇಂದಿಗೂ ಉಪಯುಕ್ತ: ಹಿಮ್ಮಾಹಿತಿಯು ಕಲಿಕೆ ನಡೆಯುತ್ತಿರುವಾಗ ಕೊಡುವ ಮಾಹಿತಿ, ಮೌಲ್ಯಮಾಪನವು ಕಲಿಕೆಯ ಕೊನೆಗೆ ಕೊಡುವ ತೀರ್ಪು.

ಉದಾಹರಣೆಗೆ, ಮಳೆಗಾಲದಲ್ಲಿ ಜ್ವರದಿಂದ ಬಂದ ರೈತರೊಬ್ಬರನ್ನು ಎರಡನೇ ವರ್ಷದ ಮೆಡಿಸಿನ್ ಪಿ.ಜಿ. (ಸ್ನಾತಕೋತ್ತರ) ವಿದ್ಯಾರ್ಥಿಯೊಬ್ಬರು ಪರೀಕ್ಷಿಸುತ್ತಾರೆ ಎಂದುಕೊಳ್ಳೋಣ. ಗದ್ದೆಯ ನೀರಿನಲ್ಲಿ ನಿಂತು ಕೆಲಸ ಮಾಡಿದ್ದೀರಾ ಎಂದು ಅವರು ಕೇಳುವುದಿಲ್ಲ. ಹಾಗಾಗಿ ಇಲಿಜ್ವರದ ಶಂಕೆ ತಡವಾಗಿ ಮೂಡುತ್ತದೆ. ‘ಇಷ್ಟೂ ಗೊತ್ತಿಲ್ಲವೇ ನಿಮಗೆ?’ ಎಂಬುದು ಬೈಗುಳ. ‘ಹಿಸ್ಟರಿ ಇನ್ನೂ ಚೆನ್ನಾಗಿ ತೆಗೆದುಕೊಳ್ಳಿ’ ಎಂಬುದು ಉಪದೇಶ. ‘ನೀವು ಜ್ವರದ ದಿನಗಳನ್ನು ಸರಿಯಾಗಿ ಕೇಳಿದಿರಿ, ಆದರೆ ಕಸುಬನ್ನು ಕೇಳಲಿಲ್ಲ, ಈ ಭಾಗದಲ್ಲಿ ಗದ್ದೆ, ತೋಟ, ಕಾಡು ಈ ಮೂರರ ಬಗ್ಗೆಯೂ ಕೇಳಿದ್ದರೆ ರಕ್ತಪರೀಕ್ಷೆಯ ಆಯ್ಕೆ ಬದಲಾಗುತ್ತಿತ್ತು, ನಾಳಿನ ಜ್ವರದ ರೋಗಿಯನ್ನು ನನ್ನೆದುರೇ ನೋಡಿ’ ಎಂಬುದು ಹಿಮ್ಮಾಹಿತಿ. ಮಂಗನ ಕಾಯಿಲೆಯ ಭಯವಿರುವ ಸಿದ್ದಾಪುರ ತಾಲ್ಲೂಕಿನ ಮಟ್ಟಿಗೆ ‘ಕಾಡು’ ಎಂಬ ಆ ಒಂದು ಪದದ ತೂಕ ಎಷ್ಟೆಂದು ಬೇರೆ ಹೇಳಬೇಕಿಲ್ಲ.

ಇಂಥ ಮಾತನ್ನು ಆಡಬೇಕಾದರೆ ಹೇಳುವವರು ಅಲ್ಲಿ ಇದ್ದು ನೋಡಿರಬೇಕು. 1995ರಲ್ಲಿ ಜಾನ್ ನಾರ್ಸಿನಿ ಮತ್ತು ಸಹೋದ್ಯೋಗಿಗಳು ರೂಪಿಸಿದ ‘ಮಿನಿ-ಸಿಇಎಕ್ಸ್’ ಎಂಬ ವಿಧಾನದ ತಿರುಳೂ ಇದೇ: ಹಿರಿಯ ವೈದ್ಯರು ಹದಿನೈದಿಪ್ಪತ್ತು ನಿಮಿಷ ಕಿರಿಯರ ರೋಗಿ ಪರೀಕ್ಷೆಯನ್ನು ನೇರವಾಗಿ ನೋಡಿ, ಬಳಿಕ ಐದು ಹತ್ತು ನಿಮಿಷ ಅದರ ಕುರಿತು ಮಾತಾಡುವುದು. ರೌಂಡ್ಸಿನಲ್ಲಿ ಕೇಸ್ ಒಪ್ಪಿಸುವುದನ್ನು ಕೇಳಿದರೆ ವಿದ್ಯಾರ್ಥಿ ಏನು ವರದಿ ಮಾಡುತ್ತಾರೆಂಬುದಷ್ಟೇ ತಿಳಿಯುತ್ತದೆ. ಮಂಚದ ಪಕ್ಕ ಅವರು ನಿಜವಾಗಿ ಏನು ಮಾಡಿದರೆಂಬುದು ತಿಳಿಯುವುದಿಲ್ಲ.

ನಮೂನೆಯ ಕೊನೆಯ ಸಾಲು

ನಮ್ಮ ನಿಯಮಗಳು ಈ ವಿಷಯದಲ್ಲಿ ಪೂರ್ತಿ ಮೌನವಾಗಿಲ್ಲ. ಆಯೋಗದ ಸ್ನಾತಕೋತ್ತರ ಮಾರ್ಗಸೂಚಿಗಳ ಜೊತೆ ವಿದ್ಯಾರ್ಥಿ ಮೌಲ್ಯಮಾಪನದ ಒಂದು ನಮೂನೆಯಿದೆ. ನಿಯತಕಾಲಿಕಗಳ ಓದು, ರೋಗಿ ಆಧಾರಿತ ಕಲಿಕೆ, ಸ್ವಯಂ ಕಲಿಕೆ ಮತ್ತು ಬೋಧನೆ, ಥೀಸಿಸ್, ಲಾಗ್‌ಬುಕ್ (ವಿದ್ಯಾರ್ಥಿ ಮಾಡಿದ ಕೆಲಸಗಳ ದಾಖಲೆ) ಮುಂತಾದ ವಿಭಾಗಗಳಲ್ಲಿ 1ರಿಂದ 9ರವರೆಗೆ ಅಂಕ ಕೊಡಬೇಕು. ಯಾವುದೇ ವಿಭಾಗದಲ್ಲಿ 4ಕ್ಕಿಂತ ಕಡಿಮೆ ಬಂದರೆ ಸುಧಾರಣೆಯ ದಾರಿ ಸೂಚಿಸಲೇಬೇಕು. ಕೊನೆಗೆ, ಪ್ರತಿ ವಿದ್ಯಾರ್ಥಿಗೂ ಪ್ರತ್ಯೇಕವಾಗಿ ಹಿಮ್ಮಾಹಿತಿ ಕೊಡುವುದನ್ನು ಬಲವಾಗಿ ಶಿಫಾರಸು ಮಾಡಲಾಗಿದೆ ಎಂಬರ್ಥದ ಒಂದು ಸಾಲು ಇದೆ.

ಅಂಕ ಕಡ್ಡಾಯ, ಸಹಿ ಕಡ್ಡಾಯ, ಮಾತು ಶಿಫಾರಸು. ಕೆಲಸದ ಒತ್ತಡವಿರುವ ಯಾವುದೇ ಕಚೇರಿಯಲ್ಲಿ ಕಡ್ಡಾಯವಾದದ್ದು ಮೊದಲು ಮುಗಿಯುತ್ತದೆ, ಶಿಫಾರಸಾದದ್ದು ಮುಂದಕ್ಕೆ ಹೋಗುತ್ತದೆ. ನಾಲ್ಕಕ್ಕಿಂತ ಕಡಿಮೆ ಅಂಕ ಕೊಟ್ಟರೆ ಹೆಚ್ಚುವರಿ ಬರವಣಿಗೆಯ ಹೊರೆ ಬೀಳುತ್ತದೆಯಾದ್ದರಿಂದ, ಐದೋ ಆರೋ ಕೊಟ್ಟು ‘ತೃಪ್ತಿಕರ’ ಎಂದು ಮುಗಿಸುವ ಪ್ರಲೋಭನೆಯನ್ನು ನಮೂನೆಯೇ ಒಡ್ಡುತ್ತದೆ. ನಿಜವಾಗಿ ಹಿಂದೆ ಬಿದ್ದ ವಿದ್ಯಾರ್ಥಿಗೆ ತಾನು ಹಿಂದಿದ್ದೇನೆ ಎಂಬ ಸುದ್ದಿ ಮೂರು ವರ್ಷವೂ ತಲುಪದೆ, ಅಂತಿಮ ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರ ಬಾಯಿಂದ ತಲುಪುವ ಸಾಧ್ಯತೆ ಹೀಗೆ ಉಂಟಾಗುತ್ತದೆ. ಎಂಡಿ, ಎಂಎಸ್‌ಗಳಿಗೆ ಸಮಾನವಾದ, ರಾಷ್ಟ್ರೀಯ ಪರೀಕ್ಷಾ ಮಂಡಳಿಯ ಡಿಎನ್‌ಬಿ ತರಬೇತಿಯಲ್ಲಿ ವ್ಯವಸ್ಥೆ ಸ್ವಲ್ಪ ಬೇರೆ: ಅಲ್ಲಿನ ಆಂತರಿಕ ಮೌಲ್ಯಮಾಪನದಲ್ಲಿ ಬರವಣಿಗೆಯ ಪರೀಕ್ಷೆಯ ನಂತರ ಅದರ ಮೇಲಿನ ಹಿಮ್ಮಾಹಿತಿಯ ಗೋಷ್ಠಿಯೂ, ಕೆಲಸದ ಸ್ಥಳದಲ್ಲಿನ ಮೌಲ್ಯಮಾಪನವೂ ಪ್ರತ್ಯೇಕ ಭಾಗಗಳಾಗಿವೆ. ಕಾಗದದ ಮೇಲಾದರೂ ಮಾತಿಗೆ ಒಂದು ಜಾಗ ಸಿಕ್ಕಿದೆ.

ಆಯೋಗವು 2025ರಿಂದ ಅಧ್ಯಾಪಕರ ಹಾಜರಾತಿಗೆ ಮುಖಚಹರೆ ಗುರುತಿಸುವ ವ್ಯವಸ್ಥೆಯನ್ನು ತಂದಿದೆ. ಅಧ್ಯಾಪಕರು ಕಾಲೇಜಿನ ಆವರಣದಲ್ಲಿ ಇದ್ದರೇ ಎಂಬುದನ್ನು ಇದು ಹೇಳುತ್ತದೆ. ವಿದ್ಯಾರ್ಥಿಯ ಪಕ್ಕದಲ್ಲಿ ಇದ್ದರೇ ಎಂಬುದನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಹಿರಿಯರ ವಾದ

ಹಿರಿಯ ಅಧ್ಯಾಪಕರ ಆಕ್ಷೇಪವನ್ನು ಹಳೆಯ ತಲೆಮಾರಿನ ಹಟವೆಂದು ತಳ್ಳಿಹಾಕುವಂತಿಲ್ಲ. ಬೆಳಿಗ್ಗೆ ಓಪಿಡಿಯಲ್ಲಿ ನೂರಾರು ಜನ, ಮಧ್ಯಾಹ್ನ ಶಸ್ತ್ರಚಿಕಿತ್ಸೆ, ನಡುವೆ ಆಯುಷ್ಮಾನ್ ಯೋಜನೆಯ ಕಾಗದಪತ್ರ, ನ್ಯಾಯಾಲಯದ ಸಾಕ್ಷ್ಯ, ಎಂಬಿಬಿಎಸ್ ತರಗತಿ: ಇದರಲ್ಲಿ ಕುಳಿತು ಮಾತಾಡಲು ಹೊತ್ತೆಲ್ಲಿ ಎಂಬುದು ಅವರ ಮೊದಲ ಪ್ರಶ್ನೆ. ತಾವು ಬೈಸಿಕೊಂಡೇ ಕಲಿತದ್ದು, ಆ ಕಟ್ಟುನಿಟ್ಟಿನಿಂದಲೇ ರೋಗಿಗಳು ಉಳಿದದ್ದು ಎಂಬುದು ಎರಡನೆಯ ಮಾತು. ಈಗಿನವರಿಗೆ ಏನು ಹೇಳಿದರೂ ದೂರಾಗುತ್ತದೆ, ಹಾಗಾಗಿ ಸುಮ್ಮನಿರುವುದೇ ಕ್ಷೇಮ ಎಂಬುದು ಮೂರನೆಯದು. 2021ರ ರ‍್ಯಾಗಿಂಗ್ ತಡೆ ನಿಯಮಗಳ ನಂತರ ಈ ಮೂರನೆಯ ಮಾತು ಪಿಸುದನಿಯಲ್ಲಿ ಕೇಳಿಬರುವುದು ಹೆಚ್ಚು.

ಹೊತ್ತಿನ ಲೆಕ್ಕವನ್ನೇ ಮೊದಲು ಹಾಕಿ ನೋಡಬಹುದು. ಇಬ್ಬರು ಅಧ್ಯಾಪಕರು, ವರ್ಷಕ್ಕೆ ಎರಡು ಸೀಟು ಎಂದಾದರೆ ಮೂರನೇ ವರ್ಷದ ಹೊತ್ತಿಗೆ ಆ ವಿಭಾಗದಲ್ಲಿ ಆರು ವಿದ್ಯಾರ್ಥಿಗಳಿರುತ್ತಾರೆ. ಪ್ರತಿಯೊಬ್ಬರನ್ನೂ ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ನೋಡಿ ಹತ್ತು ನಿಮಿಷ ಮಾತಾಡಿದರೆ ಒಟ್ಟು ಮೂರು ತಾಸು. ಒಬ್ಬ ಅಧ್ಯಾಪಕರಿಗೆ ವಾರಕ್ಕೆ ಒಂದೂವರೆ ತಾಸು. ಇದು ಅಸಾಧ್ಯವೇನಲ್ಲ. ಆದರೆ ಈ ಒಂದೂವರೆ ತಾಸು ಯಾವ ವೇಳಾಪಟ್ಟಿಯಲ್ಲೂ ಕಾಣುವುದಿಲ್ಲ, ಬಡ್ತಿಗೆ ಲೆಕ್ಕವಾಗುವುದಿಲ್ಲ. ಬಡ್ತಿಗೆ ಲೆಕ್ಕವಾಗುವುದು ಪ್ರಕಟಿತ ಸಂಶೋಧನಾ ಪ್ರಬಂಧ. ಹಾಗಿರುವಾಗ ಹೊತ್ತಿಲ್ಲ ಎಂಬ ಮಾತನ್ನು ಆ ಹೊತ್ತಿಗೆ ಬೆಲೆಯಿಲ್ಲ ಎಂದು ಓದಿಕೊಳ್ಳುವುದು ಹೆಚ್ಚು ಸರಿ.

ಬೈದರೆ ಕಲಿಯುತ್ತಾರೆ ಎಂಬ ವಾದಕ್ಕೆ ಉತ್ತರ ಸ್ವಲ್ಪ ಸಂಕೀರ್ಣ. ಹಿಮ್ಮಾಹಿತಿಯ ಪರಿಣಾಮದ ಬಗ್ಗೆ ಅದುವರೆಗೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿ ಕ್ಲೂಗರ್ ಮತ್ತು ಡಿನಿಸಿ ಎಂಬ ಮನೋವಿಜ್ಞಾನಿಗಳು 1996ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಹಿಮ್ಮಾಹಿತಿಯಿಂದ ಸರಾಸರಿಯಾಗಿ ಕೆಲಸ ಸುಧಾರಿಸಿದರೂ ಮೂರನೇ ಒಂದಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಮಾತು ಕೆಲಸದ ಮೇಲಿನಿಂದ ಸರಿದು ವ್ಯಕ್ತಿಯ ಮೇಲೆ ಬಿದ್ದಷ್ಟೂ ಅದರ ಫಲ ಕುಗ್ಗುತ್ತದೆ ಎಂಬುದು ಅವರ ವಿವರಣೆ. ಅಂದರೆ ಹಿಮ್ಮಾಹಿತಿ ಎಂಬ ಹೆಸರಿದ್ದ ಮಾತ್ರಕ್ಕೆ ಅದು ಒಳ್ಳೆಯದೇ ಆಗಬೇಕಿಲ್ಲ. ಮೆದುಮಾತಿನ ಪಕ್ಷದವರೂ ಇದನ್ನು ಗಮನಿಸಬೇಕು, ಏಕೆಂದರೆ ‘ನೀವು ತುಂಬ ಬುದ್ಧಿವಂತರು’ ಎಂಬ ಹೊಗಳಿಕೆಯೂ ವ್ಯಕ್ತಿಯ ಮೇಲೆಯೇ ಬೀಳುತ್ತದೆ.

ಯಕ್ಷಗಾನ ಗೊತ್ತಿರುವ ಈ ಜಿಲ್ಲೆಯವರಿಗೆ ಇದು ಹೊಸ ವಿಚಾರವಲ್ಲ. ಹೆಜ್ಜೆ ತಪ್ಪಿದ ವೇಷಧಾರಿಯನ್ನು ರಂಗಸ್ಥಳದಲ್ಲಿ ಭಾಗವತರು ತಾಳದಲ್ಲೇ ಹಿಡಿದು ಸಂಭಾಳಿಸುತ್ತಾರೆ. ತಿದ್ದುವುದು ಆಮೇಲೆ, ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ. ರೋಗಿಯ ಪ್ರಾಣಕ್ಕೆ ಅಪಾಯವಿದ್ದಾಗ ಕೈಯಿಂದ ಉಪಕರಣ ಕಸಿದುಕೊಳ್ಳಲೇಬೇಕಾದೀತು, ಅಲ್ಲಿ ಸೌಜನ್ಯದ ಪ್ರಶ್ನೆಯಿಲ್ಲ. ಆದರೆ ಅದು ಸಂಭಾಳಿಸುವಿಕೆ. ಚೌಕಿಯ ಮಾತು ಬಾಕಿ ಇದ್ದೇ ಇರುತ್ತದೆ. ನಮ್ಮ ಎಷ್ಟೋ ವಾರ್ಡುಗಳಲ್ಲಿ ರಂಗಸ್ಥಳದ ಗದ್ದಲ ಮಾತ್ರ ನಡೆದು ಚೌಕಿಯ ಮಾತು ನಡೆಯುವುದೇ ಇಲ್ಲ.

ಕಿರಿಯರ ಭಯ

ಆಯೋಗವೇ ರಚಿಸಿದ್ದ ಮಾನಸಿಕ ಆರೋಗ್ಯ ಕಾರ್ಯಪಡೆಯು 2024ರಲ್ಲಿ ಕೊಟ್ಟ ವರದಿಗಾಗಿ ನಡೆದ ಆನ್‌ಲೈನ್ ಸಮೀಕ್ಷೆಯಲ್ಲಿ 5,337 ಸ್ನಾತಕೋತ್ತರ ವಿದ್ಯಾರ್ಥಿಗಳು ಭಾಗವಹಿಸಿದ್ದರು. ಅವರಲ್ಲಿ ಶೇ 31ರಷ್ಟು ಮಂದಿ ಆತ್ಮಹತ್ಯೆಯ ಯೋಚನೆ ಬಂದಿತ್ತೆಂದು ಹೇಳಿಕೊಂಡಿದ್ದರು. ತಾವಾಗಿ ಮುಂದೆ ಬಂದವರು ಉತ್ತರಿಸಿದ ಸಮೀಕ್ಷೆಯಾದ್ದರಿಂದ ಈ ಅಂಕಿಯನ್ನು ಎಲ್ಲ ವಿದ್ಯಾರ್ಥಿಗಳಿಗೂ ನೇರವಾಗಿ ಅನ್ವಯಿಸಲಾಗದು. ಆದರೂ ಕಡೆಗಣಿಸುವಷ್ಟು ಸಣ್ಣ ಸಂಖ್ಯೆಯೂ ಅದಲ್ಲ. ವಾರಕ್ಕೆ 74 ತಾಸಿಗಿಂತ ಹೆಚ್ಚು ಕೆಲಸ ಬೇಡವೆಂದು ಆ ಕಾರ್ಯಪಡೆ ಶಿಫಾರಸು ಮಾಡಿತು. 1992ರ ಕೇಂದ್ರ ಸರ್ಕಾರದ ನಿರ್ದೇಶನದಲ್ಲಿ ಇದ್ದದ್ದು ವಾರಕ್ಕೆ 48 ತಾಸು ಎಂಬುದನ್ನು ನೆನೆದರೆ, ಮೂವತ್ತು ವರ್ಷಗಳಲ್ಲಿ ಶಿಫಾರಸಿನ ಅಳತೆಗೋಲೇ ಎಷ್ಟು ಸರಿದಿದೆ ಎಂಬುದು ಅರಿವಾಗುತ್ತದೆ.

ಇದಕ್ಕೂ ಹಿಮ್ಮಾಹಿತಿಗೂ ಇರುವ ನಂಟು ನೇರವಾದದ್ದು. ಮೂವತ್ತು ತಾಸು ನಿದ್ದೆಗೆಟ್ಟವರಿಗೆ ‘ಡ್ರಿಪ್ಪಿನ ಲೆಕ್ಕ ತಪ್ಪಿದೆ’ ಎಂಬ ವಾಕ್ಯವೂ ‘ನೀನು ಯಾವುದಕ್ಕೂ ಬಾರದವನು’ ಎಂದೇ ಕೇಳಿಸುತ್ತದೆ. ಹೇಳುವ ಹಿರಿಯರೂ ಅಷ್ಟೇ ದಣಿದಿದ್ದರೆ ವಾಕ್ಯ ಹಾಗೆಯೇ ಹೊರಡುವುದೂ ಉಂಟು.

ವಿದ್ಯಾರ್ಥಿಗಳ ಬೇಡಿಕೆಯಲ್ಲೂ ಒಂದು ವಿರೋಧಾಭಾಸವಿದೆ. ತಮಗೆ ಯಾರೂ ಏನೂ ಹೇಳುವುದಿಲ್ಲ ಎಂದು ದೂರುವವರೇ, ಹೇಳಲು ಬಂದಾಗ ಅದನ್ನು ಅಂಕದ ಮುನ್ಸೂಚನೆಯೆಂದು ಭಾವಿಸಿ ಸಮರ್ಥನೆಗೆ ಇಳಿಯುತ್ತಾರೆ, ಇಲ್ಲವೇ ‘ಸರಿ ಸರ್’ ಎಂದು ತಲೆಯಾಡಿಸಿ ಮರೆತುಬಿಡುತ್ತಾರೆ. ಎದುರಾಡಬಾರದೆಂಬ ಸಂಸ್ಕಾರದಲ್ಲಿ ಬೆಳೆದವರಿಗೆ, ‘ನನಗೆ ಇದು ಅರ್ಥವಾಗಲಿಲ್ಲ, ಇನ್ನೊಮ್ಮೆ ತೋರಿಸಿ’ ಎನ್ನುವುದು ಸಹ ಎದುರಾಡಿದಂತೆ ಅನಿಸುತ್ತದೆ. ಹೀಗಾಗಿ ಸ್ವೀಕರಿಸುವುದೂ ಕಲಿಸಬೇಕಾದ ಕೌಶಲವೇ. ಮೊದಲ ವರ್ಷದ ಮೊದಲ ವಾರದಲ್ಲಿ ಲಾಗ್‌ಬುಕ್ ತುಂಬುವ ಬಗೆಯನ್ನು ಹೇಳಿಕೊಡುವಂತೆ, ತಿದ್ದುಪಡಿಯನ್ನು ಕೇಳಿ ಪಡೆಯುವ ಬಗೆಯನ್ನೂ ಹೇಳಿಕೊಟ್ಟರೆ ಖರ್ಚೇನೂ ಹೆಚ್ಚುವುದಿಲ್ಲ.

ಚಿಕ್ಕ ವಿಭಾಗದ ಲಾಭ ಮತ್ತು ಅಪಾಯ

ಕಾರವಾರದಲ್ಲಿ 2016ರಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾದಾಗ ಜಿಲ್ಲಾಸ್ಪತ್ರೆಯೇ ಬೋಧನಾ ಆಸ್ಪತ್ರೆಯಾಯಿತು. ಮಹಾನಗರಗಳ ನೂರು ವರ್ಷ ಹಳೆಯ ಕಾಲೇಜುಗಳ ಜೊತೆ ಇಂಥ ಹೊಸ ಸಂಸ್ಥೆಗಳನ್ನು ಹೋಲಿಸುವವರು ಸಾಮಾನ್ಯವಾಗಿ ಕೊರತೆಗಳ ಪಟ್ಟಿಯನ್ನೇ ಓದುತ್ತಾರೆ. ಹಿಮ್ಮಾಹಿತಿಯ ಮಟ್ಟಿಗೆ ಚಿತ್ರ ತಿರುಗುಮುರುಗಾಗುವ ಸಾಧ್ಯತೆಯಿದೆ. ದೊಡ್ಡ ಕಾಲೇಜಿನ ಯೂನಿಟ್ಟಿನಲ್ಲಿ ಮೊದಲ ವರ್ಷದವರನ್ನು ಎರಡನೇ ವರ್ಷದವರು, ಅವರನ್ನು ಮೂರನೇ ವರ್ಷದವರು, ಅವರನ್ನು ಸೀನಿಯರ್ ರೆಸಿಡೆಂಟ್ ನೋಡಿಕೊಳ್ಳುವ ಏಣಿ ಇರುತ್ತದೆ. ಪ್ರಾಧ್ಯಾಪಕರು ಏಣಿಯ ಮೇಲಿನ ಮೆಟ್ಟಿಲಲ್ಲಿರುತ್ತಾರೆ. ಅಲ್ಲಿ ಮೊದಲ ವರ್ಷದವರು ತಿದ್ದಿಸಿಕೊಳ್ಳುವುದು ತಮಗಿಂತ ಒಂದೇ ವರ್ಷ ದೊಡ್ಡವರಿಂದ. ಆ ದೊಡ್ಡವರ ತಪ್ಪುಗಳನ್ನೂ ಜೊತೆಗೇ ಕಲಿಯುತ್ತಾರೆ. ಇಬ್ಬರೇ ಅಧ್ಯಾಪಕರಿರುವ ವಿಭಾಗದಲ್ಲಿ ಈ ಏಣಿಯೇ ಇರುವುದಿಲ್ಲ. ಅಡಿಕೆ ಮರದಿಂದ ಬಿದ್ದವರನ್ನು ರಾತ್ರಿ ಒಳಗೆ ತಂದರೆ ತಜ್ಞರೂ ವಿದ್ಯಾರ್ಥಿಯೂ ಒಂದೇ ಮೇಜಿನ ಎರಡು ಬದಿಯಲ್ಲಿ ನಿಂತಿರುತ್ತಾರೆ. ನೇರ ವೀಕ್ಷಣೆಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಸಿಗದು.

ಅಪಾಯವೂ ಅದೇ ಮೂಲದಿಂದ ಬರುತ್ತದೆ. ಅಂಥ ವಿಭಾಗದಲ್ಲಿ ಥೀಸಿಸ್ ಮಾರ್ಗದರ್ಶಿ, ಲಾಗ್‌ಬುಕ್ಕಿಗೆ ಸಹಿ ಹಾಕುವವರು, ರಜೆ ಮಂಜೂರು ಮಾಡುವವರು, ಆಂತರಿಕ ಅಂಕ ಕೊಡುವವರು ಎಲ್ಲ ಒಬ್ಬರೇ. ಅವರೊಂದಿಗೆ ಸಂಬಂಧ ಕೆಟ್ಟರೆ ವಿದ್ಯಾರ್ಥಿಗೆ ಹೋಗಲು ಇನ್ನೊಂದು ಬಾಗಿಲಿಲ್ಲ. ವಿದ್ಯಾರ್ಥಿಗಳು ಅಧ್ಯಾಪಕರ ಬಗ್ಗೆ ಗುಟ್ಟಾಗಿ ಅಭಿಪ್ರಾಯ ಬರೆದುಕೊಡುವ ಪದ್ಧತಿ ದೊಡ್ಡ ಕಾಲೇಜಿನಲ್ಲಿ ಹೇಗೋ ನಡೆದೀತು. ವರ್ಷಕ್ಕೆ ಎರಡೇ ವಿದ್ಯಾರ್ಥಿಗಳಿರುವ ಕಡೆ ಗುಟ್ಟು ಎಂಬುದಕ್ಕೆ ಅರ್ಥವೇ ಇಲ್ಲ. ಆದ್ದರಿಂದ ಚಿಕ್ಕ ವಿಭಾಗಗಳನ್ನು ತೆರೆಯಲು ಅವಕಾಶ ಕೊಡುವ ನಿಯಮವು, ತಿದ್ದುವ ಪಾತ್ರವನ್ನೂ ತೀರ್ಪು ಕೊಡುವ ಪಾತ್ರವನ್ನೂ ಬೇರೆಬೇರೆ ಜನರಿಗೆ ಹಂಚುವ ಬಗೆಯನ್ನು ಕೂಡ ಹೇಳಬೇಕಿತ್ತು. ಮೆಡಿಸಿನ್ ವಿದ್ಯಾರ್ಥಿಗೆ ಸರ್ಜರಿ ವಿಭಾಗದ ಹಿರಿಯರೊಬ್ಬರು ಮಾರ್ಗದರ್ಶಕರಾಗಿರುವುದು, ಆರು ತಿಂಗಳಿಗೊಮ್ಮೆ ಬೇರೆ ಕಾಲೇಜಿನ ಅಧ್ಯಾಪಕರು ಬಂದು ಒಂದು ದಿನ ವಿದ್ಯಾರ್ಥಿಗಳ ಕೆಲಸ ನೋಡುವುದು ಇಂಥ ಸರಳ ಏರ್ಪಾಡುಗಳಿಂದಲೂ ಬಿಗಿ ಎಷ್ಟೋ ಸಡಿಲವಾಗುತ್ತದೆ.

ಭಾಷೆಯ ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಸರ್ಕಾರಿ ಕಾಲೇಜುಗಳ ಅರ್ಧದಷ್ಟು ಸ್ನಾತಕೋತ್ತರ ಸೀಟುಗಳು ಅಖಿಲ ಭಾರತ ಕೋಟಾಕ್ಕೆ ಹೋಗುತ್ತವೆ. ಕಾರವಾರದ ರೋಗಿ ಕೊಂಕಣಿಯಲ್ಲಿ, ಘಟ್ಟದ ಮೇಲಿನ ಅಜ್ಜಿ ಹವ್ಯಕ ಕನ್ನಡದಲ್ಲಿ ನೋವು ತೋಡಿಕೊಂಡಾಗ ಬೇರೆ ರಾಜ್ಯದ ವಿದ್ಯಾರ್ಥಿ ಎಷ್ಟು ಗ್ರಹಿಸಿದರೆಂಬುದನ್ನು ಕೇಸ್‌ಶೀಟ್ ಹೇಳುವುದಿಲ್ಲ. ಅದು ಗೊತ್ತಿರುವುದು ಪಕ್ಕದಲ್ಲಿ ನಿಂತ ನರ್ಸಿಗೆ. ನರ್ಸ್, ತಂತ್ರಜ್ಞರು, ರೋಗಿಯ ಕಡೆಯವರು ಇವರ ಅಭಿಪ್ರಾಯವನ್ನೂ ಸೇರಿಸುವ ಬಹುಮುಖ ಹಿಮ್ಮಾಹಿತಿ ಇತರ ದೇಶಗಳಲ್ಲಿ ರೂಢಿಯಲ್ಲಿದೆ. ನಮ್ಮಲ್ಲಿ ನರ್ಸೊಬ್ಬರು ವೈದ್ಯರ ಕೆಲಸದ ಬಗ್ಗೆ ಬರೆಯುವುದನ್ನು ಕಲ್ಪಿಸಿಕೊಳ್ಳಲೂ ಅನೇಕರಿಗೆ ಕಷ್ಟ.

ಜಿಲ್ಲೆಗೆ ಬರುವ ಮೂರು ತಿಂಗಳು

ಸ್ನಾತಕೋತ್ತರ ವಿಭಾಗವಿಲ್ಲದ ಆಸ್ಪತ್ರೆಗಳಿಗೂ ಈ ಚರ್ಚೆ ಸಂಬಂಧಿಸಿದ್ದೇ. 2020ರ ಸೆಪ್ಟೆಂಬರಿನಲ್ಲಿ ಅಧಿಸೂಚನೆಯಾಗಿ 2021ರ ತಂಡದಿಂದ ಜಾರಿಗೆ ಬಂದ ಜಿಲ್ಲಾ ರೆಸಿಡೆನ್ಸಿ ಕಾರ್ಯಕ್ರಮದ ಪ್ರಕಾರ, ಪ್ರತಿ ಎಂಡಿ, ಎಂಎಸ್ ವಿದ್ಯಾರ್ಥಿಯೂ ಮೂರು, ನಾಲ್ಕು ಅಥವಾ ಐದನೇ ಸೆಮಿಸ್ಟರಿನಲ್ಲಿ ಮೂರು ತಿಂಗಳು ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕು. ಅದನ್ನು ತೃಪ್ತಿಕರವಾಗಿ ಮುಗಿಸದೆ ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ಮೊದಲು ಕನಿಷ್ಠ 100 ಹಾಸಿಗೆಯ ಆಸ್ಪತ್ರೆ ಬೇಕಿತ್ತು, 2023ರ ಸ್ನಾತಕೋತ್ತರ ನಿಯಮಾವಳಿಯಲ್ಲಿ ಅದನ್ನು 50ಕ್ಕೆ ಇಳಿಸಲಾಯಿತು. ಹಾಗಾಗಿ ತಾಲ್ಲೂಕು ಮಟ್ಟದ ಆಸ್ಪತ್ರೆಗಳಿಗೂ ಇಂಥ ವಿದ್ಯಾರ್ಥಿಗಳು ಬರುವ ದಾರಿ ತೆರೆಯಿತು.

ಈ ಮೂರು ತಿಂಗಳಲ್ಲಿ ವಿದ್ಯಾರ್ಥಿಯ ಮೇಲ್ವಿಚಾರಣೆ ಸ್ಥಳೀಯ ತಜ್ಞರದು. ಮೂಲ ಕಾಲೇಜಿನ ಅಧ್ಯಾಪಕರೊಂದಿಗೆ ದೂರವಾಣಿಯಲ್ಲೋ ಆನ್‌ಲೈನಿನಲ್ಲೋ ಸಂಪರ್ಕವಿರಬೇಕೆಂದು ನಿಯಮ ಹೇಳುತ್ತದೆ. ಹಿಮ್ಮಾಹಿತಿಗೆ ಇದು ಅಪರೂಪದ ಸಂದರ್ಭ. ಸ್ಥಳೀಯ ತಜ್ಞರು ಈ ವಿದ್ಯಾರ್ಥಿಯ ಪರೀಕ್ಷಕರಲ್ಲ, ಥೀಸಿಸ್ ಅವರ ಕೈಯಲ್ಲಿಲ್ಲ. ಅಂಕದ ಭಯವಿಲ್ಲದ ಮಾತುಕತೆ ಮೂರು ವರ್ಷದಲ್ಲಿ ಸಾಧ್ಯವಾಗುವುದು ಬಹುಶಃ ಇಲ್ಲಿ ಮಾತ್ರ. ಎಕೋ ಯಂತ್ರ ಕೈಗೆ ಸಿಗದೆ, ಸಿಟಿ ಸ್ಕ್ಯಾನಿಗೆ ಕಾಯದೆ, ಇರುವುದರಲ್ಲಿ ನಿರ್ಧಾರ ತೆಗೆದುಕೊಳ್ಳುವುದನ್ನು ನೋಡುವ ಅವಕಾಶವೂ ಇಲ್ಲಿಯೇ.

ಆದರೆ ಅದೇ ಕಾರಣಕ್ಕೆ ಅವಕಾಶ ಕೈತಪ್ಪಿಯೂ ಹೋಗುತ್ತದೆ. ಮೂರು ತಿಂಗಳು ಇದ್ದು ಹೋಗುವ ಅತಿಥಿಯನ್ನು ತಿದ್ದಿ ತಮಗೇನಾಗಬೇಕು ಎಂದು ಸ್ಥಳೀಯ ತಜ್ಞರಿಗೆ ಅನಿಸಿದರೆ ತಪ್ಪು ಹೊರಿಸುವಂತಿಲ್ಲ. ಅವರಿಗೆ ಬೋಧನೆಯ ತರಬೇತಿಯಾಗಲಿ, ಅದಕ್ಕಾಗಿ ಬಿಡುವಾಗಲಿ ಸಿಕ್ಕಿಲ್ಲ. ಖಾಲಿ ಹುದ್ದೆ ತುಂಬಲು ಒಬ್ಬರು ಸಿಕ್ಕರು ಎಂದು ಆಡಳಿತ ನೋಡುತ್ತದೆ, ಥೀಸಿಸ್ ಬರೆಯಲು ಬಿಡುವು ಸಿಕ್ಕಿತು ಎಂದು ವಿದ್ಯಾರ್ಥಿ ನೋಡುತ್ತಾರೆ. ಕೊನೆಗೆ ಲಾಗ್‌ಬುಕ್ಕಿನಲ್ಲಿ ಉಳಿಯುವುದು ಮೊಹರು ಮತ್ತು ‘ತೃಪ್ತಿಕರ’ ಎಂಬ ಪದ. ಅಲ್ಲಿ ಕಂಡ ಒಂದು ಕೊರತೆ, ಒಂದು ಗುಣ ಮೂಲ ಕಾಲೇಜಿಗೆ ಎರಡು ವಾಕ್ಯಗಳಲ್ಲಾದರೂ ತಲುಪುವ ವ್ಯವಸ್ಥೆ ಇದ್ದಿದ್ದರೆ ಆ ಮೂರು ತಿಂಗಳ ಅರ್ಥವೇ ಬೇರೆಯಾಗುತ್ತಿತ್ತು.

ಬರೆದಿಟ್ಟರೆ ಸಾಕ್ಷಿಯಾಗುವುದೇ

ಇನ್ನೊಂದು ಆತಂಕ ಕಾನೂನಿನದು. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪು ಕೊಟ್ಟ ಮೇಲೆ ಆಸ್ಪತ್ರೆಯ ಪ್ರತಿ ಕಾಗದಕ್ಕೂ ಒಂದು ಸಾಕ್ಷ್ಯಮೌಲ್ಯ ಬಂದಿದೆ. ‘ಈ ವಿದ್ಯಾರ್ಥಿ ಅರಿವಳಿಕೆಯ ಮೊದಲು ಪರೀಕ್ಷೆಯನ್ನು ಸರಿಯಾಗಿ ಮಾಡಲಿಲ್ಲ’ ಎಂದು ಸದುದ್ದೇಶದಿಂದ ಬರೆದ ಟಿಪ್ಪಣಿ ಮುಂದೆ ವಕೀಲರ ಕೈ ಸೇರಿದರೇನು ಗತಿ? ಬ್ರಿಟನ್ನಿನಲ್ಲಿ ತರಬೇತಿಯಲ್ಲಿದ್ದ ಮಕ್ಕಳ ವೈದ್ಯೆಯೊಬ್ಬರು, 2011ರಲ್ಲಿ ಆರು ವರ್ಷದ ಬಾಲಕ ಮೃತಪಟ್ಟ ಪ್ರಕರಣದಲ್ಲಿ 2015ರಲ್ಲಿ ಶಿಕ್ಷೆಗೊಳಗಾಗಿ, 2018ರ ಜನವರಿಯಲ್ಲಿ ನೋಂದಣಿ ಕಳೆದುಕೊಂಡು, ಅದೇ ವರ್ಷ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯದಿಂದ ಅದನ್ನು ಮರಳಿ ಪಡೆದರು. ಆ ಅವಧಿಯಲ್ಲಿ ಅಲ್ಲಿನ ಕಿರಿಯ ವೈದ್ಯರಲ್ಲಿ, ತರಬೇತಿಯ ಭಾಗವಾಗಿ ತಮ್ಮ ತಪ್ಪುಗಳ ಬಗ್ಗೆ ತಾವೇ ಬರೆಯುವ ಟಿಪ್ಪಣಿಗಳು ತಮ್ಮ ಮೇಲೆಯೇ ತಿರುಗಬಹುದೆಂಬ ಭಯ ವ್ಯಾಪಕವಾಗಿ ಹಬ್ಬಿತ್ತು.

ಈ ಭಯಕ್ಕೆ ಪರಿಹಾರವಾಗಿ ನಮ್ಮ ಜಿಲ್ಲಾ ಆರೋಗ್ಯ ವ್ಯವಸ್ಥೆಯಲ್ಲೇ ಒಂದು ಹತ್ತಿರದ ಮಾದರಿಯಿದೆ. ತಾಯಿ ಮರಣ ಪ್ರಕರಣಗಳ ಪರಿಶೀಲನೆಯ ಮಾರ್ಗಸೂಚಿಯ ಆಶಯವು ಹೆಸರು ಹೇಳದೆ, ದೂಷಿಸದೆ, ಎಲ್ಲಿ ತಡವಾಯಿತು ಎಂಬುದನ್ನು ಹುಡುಕುವುದು. ಸಾರ್ವಜನಿಕರ ಸಿಟ್ಟು ಏರಿದಾಗ ಆ ಆಶಯ ಉಳಿಯುವುದು ಕಷ್ಟವೆಂಬುದು ನಿಜ. ಆದರೂ ಶಿಕ್ಷೆಯ ವಿಚಾರಣೆ ಒಂದು, ಕಲಿಕೆಯ ವಿಚಾರಣೆ ಇನ್ನೊಂದು ಎಂಬ ತತ್ತ್ವವನ್ನು ಸರ್ಕಾರವೇ ಒಪ್ಪಿಕೊಂಡಿದೆ. ಅದನ್ನು ವಿದ್ಯಾರ್ಥಿಗಳ ಹಿಮ್ಮಾಹಿತಿಯ ಕಡತಕ್ಕೂ ವಿಸ್ತರಿಸಿ, ಆ ಕಡತವನ್ನು ಯಾರು, ಯಾವಾಗ ನೋಡಬಹುದೆಂದು ಸ್ಪಷ್ಟ ನಿಯಮ ಮಾಡುವುದಕ್ಕೆ ಅಡ್ಡಿಯಿಲ್ಲ.

ತಿದ್ದದೆ ಬಿಟ್ಟದ್ದು ಎಲ್ಲಿ ಕಾಣುತ್ತದೆ

ರಾಜ್ಯದ 2012ರ ಕಡ್ಡಾಯ ಸೇವಾ ತರಬೇತಿ ಕಾಯ್ದೆಯ ಪ್ರಕಾರ ಹೊಸದಾಗಿ ಪದವಿ ಮುಗಿಸಿದ ತಜ್ಞರನ್ನು ಸರ್ಕಾರಿ ಆಸ್ಪತ್ರೆಗಳಿಗೆ ಒಂದು ವರ್ಷ ನಿಯೋಜಿಸಬಹುದು. ಕಾಲೇಜಿನ ವಾರ್ಡಿನಲ್ಲಿ ಒಂದು ತಪ್ಪನ್ನು ಹಿಡಿಯಲು ಮೇಲಿನವರು, ಪಕ್ಕದವರು, ಬೇರೆ ವಿಭಾಗದವರು ಇರುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಆ ವಿಷಯದ ತಜ್ಞರು ಹಲವು ಬಾರಿ ಒಬ್ಬರೇ. ಮೂರು ವರ್ಷ ಯಾರೂ ತಿದ್ದದ ಅಭ್ಯಾಸವೊಂದು ಮೊದಲ ಬಾರಿಗೆ ತಡೆಯಿಲ್ಲದೆ ಕೆಲಸ ಮಾಡುವುದು ಇಂಥ ಊರಿನಲ್ಲಿ.

ಶಿರಸಿಯಲ್ಲಿ ರಾತ್ರಿ ಹೆರಿಗೆ ನೋವಿನಿಂದ ಬಂದ ಮಹಿಳೆಯನ್ನು ಅಲ್ಲಿಯೇ ನೋಡಿಕೊಳ್ಳಬೇಕೆ, ಸುಮಾರು 100 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಕಳುಹಿಸಬೇಕೆ ಎಂಬ ನಿರ್ಧಾರವನ್ನು ತೆಗೆದುಕೊಳ್ಳುವಾಗ, ತನ್ನ ಕೈಯ ಅಳತೆ ತನಗೆ ಗೊತ್ತಿರುವ ವೈದ್ಯರು ಬೇಕು. ತನ್ನ ಸಾಮರ್ಥ್ಯದ ಬಗ್ಗೆ ನಿಖರವಾದ ಮಾತನ್ನು ಎಂದೂ ಕೇಳದವರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಕೆಲವರು ಕೈಮೀರಿದ್ದನ್ನು ಹಿಡಿದಿಟ್ಟುಕೊಳ್ಳುತ್ತಾರೆ. ಹೆಚ್ಚಿನವರು ಭಯದಿಂದ ಎಲ್ಲವನ್ನೂ ಆಂಬುಲೆನ್ಸ್ ಹತ್ತಿಸುತ್ತಾರೆ. ಜಿಲ್ಲೆಯ ಜನ ದೂರುವ ‘ಏನೇ ಆದರೂ ಮಣಿಪಾಲಕ್ಕೆ ಬರೆದುಕೊಡುತ್ತಾರೆ’ ಎಂಬ ಮಾತಿಗೆ ಯಂತ್ರಗಳ ಕೊರತೆ, ಸಿಬ್ಬಂದಿಯ ಕೊರತೆ, ಹಲ್ಲೆಯ ಭಯ ಎಲ್ಲವೂ ಕಾರಣ. ತರಬೇತಿಯಲ್ಲಿ ಸಿಗದೆ ಹೋದ ಆತ್ಮವಿಶ್ವಾಸವೂ ಅದರಲ್ಲಿ ಒಂದು ಪಾಲು.

ಕಳುಹಿಸಿದ ಮೇಲಿನ ಕಥೆಯೂ ಇದರ ಮುಂದುವರಿಕೆಯೇ. ಕುಮಟಾದ ವೈದ್ಯರು ಅನುಮಾನಿಸಿದ್ದು ಸರಿಯಾಗಿತ್ತೇ, ಕೊಟ್ಟ ಮೊದಲ ಚಿಕಿತ್ಸೆಯಿಂದ ಉಪಯೋಗವಾಯಿತೇ, ಇನ್ನೂ ಎರಡು ತಾಸು ಮೊದಲೇ ಕಳುಹಿಸಬೇಕಿತ್ತೇ ಎಂಬುದು ಗೊತ್ತಾಗುವುದು ದೊಡ್ಡ ಆಸ್ಪತ್ರೆಯಲ್ಲಿ. ಡಿಸ್ಚಾರ್ಜ್ ಸಾರಾಂಶ ರೋಗಿಯ ಕಡೆಯವರ ಚೀಲ ಸೇರುತ್ತದೆ. ಕಳುಹಿಸಿದ ವೈದ್ಯರಿಗೆ ಮರಳಿ ಬರುವುದು ವಿರಳ, ರೋಗಿ ಗೋವಾದ ಗಡಿ ದಾಟಿದ್ದರೆ ಇನ್ನೂ ವಿರಳ. ಕಳುಹಿಸುವ ಚೀಟಿಯ ಕೆಳಗೆ ಹರಿದು ವಾಪಸ್ ಕಳುಹಿಸಬಹುದಾದ ನಾಲ್ಕು ಸಾಲಿನ ಜಾಗ ಬಿಡುವುದಕ್ಕೆ, ಅಥವಾ ಆ ನಾಲ್ಕು ಸಾಲನ್ನು ಮೊಬೈಲಿಗೆ ಕಳುಹಿಸುವ ಹೊಣೆಯನ್ನು ದೊಡ್ಡ ಆಸ್ಪತ್ರೆಯ ಪಿ.ಜಿ. ವಿದ್ಯಾರ್ಥಿಗೇ ವಹಿಸುವುದಕ್ಕೆ ಹೊಸ ಸೀಟೂ ಬೇಡ, ಹೊಸ ಹಾಸಿಗೆಯೂ ಬೇಡ. ಬರೆಯುವ ವಿದ್ಯಾರ್ಥಿ ಆ ನೆಪದಲ್ಲಿ, ಕಾಣದ ಸಹೋದ್ಯೋಗಿಯೊಬ್ಬರಿಗೆ ಮನಸ್ಸು ನೋಯದಂತೆ ಸತ್ಯ ತಿಳಿಸುವುದು ಹೇಗೆಂಬುದನ್ನು ವಾರಕ್ಕೆ ಹತ್ತು ಬಾರಿ ಅಭ್ಯಾಸ ಮಾಡಿದಂತಾಗುತ್ತದೆ.